ಸಂತೆಯ ದಿನದ ಗುಳಿಗೆ

ಬಾಂದ್ರಾ ಪಶ್ಚಿಮದ ಆಸ್ಪತ್ರೆಯೊಂದರಲ್ಲಿ ನಾನು ಕ್ಲಿನಿಕಲ್ ರಿಸರ್ಚ್ ಕೋಆರ್ಡಿನೇಟರ್. ಊರಿಗೆ ಹೋದಾಗ ‘ಅಂದರೆ ನರ್ಸೋ, ಡಾಕ್ಟರೋ?’ ಎಂದು ಕೇಳುತ್ತಾರೆ. ಎರಡೂ ಅಲ್ಲ. ಹೊಸ ಔಷಧದ ಪ್ರಯೋಗಕ್ಕೆ ಬರುವ ರೋಗಿಗಳಿಗೆ ವಿಷಯ ತಿಳಿಸುವುದು, ಒಪ್ಪಿಗೆ ಪತ್ರ ಓದಿ ಹೇಳುವುದು, ತಾರೀಖು ತಪ್ಪದಂತೆ ಅವರನ್ನು ಕರೆಸುವುದು, ಎಲ್ಲವನ್ನೂ ದಾಖಲಿಸುವುದು ನನ್ನ ಕೆಲಸ. ನಮ್ಮ ವಿಭಾಗದಲ್ಲಿ ಹೆಚ್ಚಾಗಿ ನಡೆಯುವುದು ರುಮಟಾಯ್ಡ್ ಸಂಧಿವಾತದ ಪ್ರಯೋಗಗಳು. ವಿವರಿಸಿ ಹೇಳುವುದೇ ಕೆಲಸವಾಗಿರುವ ನಾನು, ಹೇಳುವುದರಲ್ಲೇ ತಪ್ಪಿದ ಕತೆ ಇದು.

ಎರಡು ವರ್ಷದ ಹಿಂದೆ ಒಬ್ಬ ಹುಡುಗ ತಾಯಿಯನ್ನು ಕರೆದುಕೊಂಡು ಬಂದ. ಬಾಂದ್ರಾ ಪೂರ್ವದ ಭಾರತ ನಗರದಲ್ಲಿ ಬಾಡಿಗೆ ಕೋಣೆ, ಕಟ್ಟಡ ಕೆಲಸ. ತಾಯಿಗೆ ನಲವತ್ತೈದರ ಆಸುಪಾಸು. ಎರಡೂ ಕೈಬೆರಳುಗಳ ಬುಡ ಊದಿತ್ತು. ಬೆಳಿಗ್ಗೆ ಎದ್ದರೆ ಒಂದೂವರೆ ತಾಸು ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ. ಊರಲ್ಲಿ ‘ವಾಯು’ ಎಂದು ಎಣ್ಣೆ ತಿಕ್ಕಿದ್ದರು, ತಣ್ಣೀರಲ್ಲಿ ಬಟ್ಟೆ ಒಗೆದದ್ದಕ್ಕೆ ಬಂತು ಎಂದಿದ್ದರು.

ಇದು ವಯಸ್ಸಾದಂತೆ ಮಂಡಿ ಸವೆಯುವ ನೋವಲ್ಲ. ರೋಗಾಣುಗಳ ಮೇಲೆ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆ ದಾರಿತಪ್ಪಿ ಕೀಲಿನ ಒಳಪೊರೆಯ ಮೇಲೆಯೇ ದಾಳಿ ಮಾಡುತ್ತದೆ. ಪೊರೆ ಊದಿ ದಪ್ಪಗಾಗಿ, ಬಿಟ್ಟರೆ ಮೃದ್ವಸ್ಥಿ, ಮೂಳೆಯನ್ನೂ ತಿನ್ನುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಪುಣೆ ಜಿಲ್ಲೆಯ ಭಿಗವಣ ಎಂಬ ಊರಲ್ಲಿ 1996ರಲ್ಲಿ ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆಯಲ್ಲಿ ವಯಸ್ಕರಲ್ಲಿ ಸುಮಾರು ಶೇ 0.5 ಮಂದಿಗೆ ಈ ರೋಗ ಕಂಡಿತ್ತು. ಅಂದರೆ ಇನ್ನೂರು ಜನರಿಗೆ ಒಬ್ಬರು. ಒಮ್ಮೆ ತಿಂದ ಮೂಳೆ ಮರಳಿ ಬರುವುದಿಲ್ಲ. ಆದ್ದರಿಂದ ಮೊದಲ ತಿಂಗಳುಗಳಲ್ಲೇ ಚಿಕಿತ್ಸೆ ಶುರುವಾಗಬೇಕು.

ನಮ್ಮ ಪ್ರಯೋಗಕ್ಕೆ ಆಕೆ ಸಲ್ಲುತ್ತಿರಲಿಲ್ಲ. ಅದು ಮೆಥೊಟ್ರೆಕ್ಸೇಟ್ ಕೊಟ್ಟೂ ಸಾಕಷ್ಟು ಗುಣ ಕಾಣದವರಿಗೆ. ಆಕೆಗೆ ಇನ್ನೂ ಆ ಔಷಧವನ್ನೇ ಕೊಟ್ಟಿರಲಿಲ್ಲ. ಡಾಕ್ಟರು ಅದನ್ನೇ ಬರೆದುಕೊಟ್ಟರು. ಮಾತ್ರೆ ಹೇಗೆ ತೆಗೆದುಕೊಳ್ಳಬೇಕೆಂದು ವಿವರಿಸುವ ಕೆಲಸ ನನ್ನ ಪಾಲಿಗೆ ಬಂತು. ಹೊರಗೆ ಮೂವತ್ತು ಜನ ಕಾಯುತ್ತಿದ್ದರು. ನಾನು ಅಭ್ಯಾಸದ ಹಿಂದಿಯಲ್ಲಿ ಮಗನಿಗೆ ಹೇಳಿದೆ: ‘ಹಫ್ತೇ ಮೇ ಏಕ್ ಬಾರ್’. ಮಗ ತಲೆಯಾಡಿಸಿದ. ಪಕ್ಕದಲ್ಲಿ ಕುಳಿತಿದ್ದ ತಾಯಿಯ ಕಡೆ ನಾನು ನೋಡಲೂ ಇಲ್ಲ.

ಕ್ಯಾನ್ಸರಿನ ಔಷಧ, ಕೀಲಿನ ಔಷಧ

ಈ ಮೆಥೊಟ್ರೆಕ್ಸೇಟಿನ ಮೂಲದಲ್ಲಿ ನಮ್ಮ ನೆರೆನಾಡಿನವರೊಬ್ಬರಿದ್ದಾರೆ. ಭೀಮವರಂನಲ್ಲಿ 1895ರಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ಫೋಲಿಕ್ ಆಮ್ಲದ ಮೇಲೆ ಕೆಲಸ ಮಾಡಿದರು. ಅವರ ತಂಡ ತಯಾರಿಸಿದ ಫೋಲಿಕ್ ಆಮ್ಲ ವಿರೋಧಿ ಅಮೈನೊಪ್ಟೆರಿನ್ನಿಂದ ರಕ್ತ ಕ್ಯಾನ್ಸರಿನ ಮಕ್ಕಳು ತಾತ್ಕಾಲಿಕವಾಗಿಯಾದರೂ ಚೇತರಿಸಿಕೊಂಡದ್ದನ್ನು ಬಾಸ್ಟನ್ನಿನ ಸಿಡ್ನಿ ಫಾರ್ಬರ್ 1948ರಲ್ಲಿ ವರದಿ ಮಾಡಿದರು. ಅದೇ ವರ್ಷ ಸುಬ್ಬರಾವ್ ತೀರಿಕೊಂಡರು. ಅಮೈನೊಪ್ಟೆರಿನ್ನಿನ ತಮ್ಮನೇ ಮೆಥೊಟ್ರೆಕ್ಸೇಟ್. 1951ರಲ್ಲೇ ಸಂಧಿವಾತಕ್ಕೆ ಅಮೈನೊಪ್ಟೆರಿನ್ ಕೊಟ್ಟು ನೋಡಿದ್ದರೂ, ಆಗ ಹೊಸದಾಗಿ ಬಂದಿದ್ದ ಕಾರ್ಟಿಸೋನಿನ ಅಬ್ಬರದಲ್ಲಿ ಅದು ಹಿಂದೆ ಸರಿಯಿತು. 1980ರ ದಶಕದ ಪ್ರಯೋಗಗಳಲ್ಲಿ ಕಡಿಮೆ ಪ್ರಮಾಣದ, ವಾರಕ್ಕೊಮ್ಮೆಯ ಮೆಥೊಟ್ರೆಕ್ಸೇಟ್ ಬರೀ ತೋರಿಕೆಯ ಮಾತ್ರೆಗಿಂತ ಸ್ಪಷ್ಟವಾಗಿ ಮೇಲೆಂದು ಸಾಬೀತಾಯಿತು. ಅಮೆರಿಕದಲ್ಲಿ 1988ರಲ್ಲಿ ಸಂಧಿವಾತಕ್ಕೆ ಮಂಜೂರಾತಿ ಸಿಕ್ಕಿತು.

ಇಂದಿಗೂ ಚಿಕಿತ್ಸೆಯ ಮೊದಲ ಮೆಟ್ಟಿಲು ಅದೇ. ಸಾವಿರಾರು ರೂಪಾಯಿಯ ಜೈವಿಕ ಇಂಜೆಕ್ಷನ್‌ಗಳ ಸರದಿ ಸಾಮಾನ್ಯವಾಗಿ ಈ ಅಗ್ಗದ ಮಾತ್ರೆ ಸಾಲದಾದ ಮೇಲೆ. ಹಲವು ಹೊಸ ಔಷಧಗಳ ಪ್ರಯೋಗದಲ್ಲಿ ಎರಡೂ ಗುಂಪಿನವರು ಮೆಥೊಟ್ರೆಕ್ಸೇಟ್ ಮುಂದುವರಿಸುತ್ತಲೇ ಇರುತ್ತಾರೆ.

ಆದರೆ ಅದರ ಶಕ್ತಿಯೆಲ್ಲ ‘ವಾರಕ್ಕೊಮ್ಮೆ’ ಎಂಬ ಒಂದು ಪದದ ಮೇಲೆ ನಿಂತಿದೆ. ವಾರಕ್ಕೊಮ್ಮೆ ತೆಗೆದುಕೊಂಡರೆ ಕೀಲಿನ ಉರಿಯೂತ ಇಳಿಸುತ್ತದೆ. ದಿನವೂ ತೆಗೆದುಕೊಂಡರೆ ಮೂಳೆಮಜ್ಜೆಯನ್ನೇ ಕುಗ್ಗಿಸುತ್ತದೆ, ಜೀವಕ್ಕೇ ಅಪಾಯ.

ಬಾಯಾಗ ಖಾರ

ಹತ್ತು ದಿನದ ನಂತರ ಆಕೆ ಮತ್ತೆ ಬಂದಳು. ತುಟಿ, ನಾಲಿಗೆಯೆಲ್ಲ ಹುಣ್ಣು, ಜ್ವರ. ಮಗ ಪಾಳಿಯಲ್ಲಿದ್ದ, ನೆರೆಮನೆಯ ಹೆಂಗಸು ಕರೆತಂದಿದ್ದಳು. ನಾನು ಹಿಂದಿಯಲ್ಲಿ ಏನೇನೋ ಕೇಳುತ್ತಿದ್ದೆ. ಆಕೆ ತನ್ನಷ್ಟಕ್ಕೆ ಗೊಣಗಿದಳು: ‘ಬಾಯಾಗ ಖಾರ ಹಾಕಿದಂಗ ಉರೀತೈತಿ ನಮ್ಮವ್ವಾ.’

ನನ್ನ ಕೈಯಿಂದ ಪೆನ್ನು ಜಾರಿತು. ‘ಯಾವೂರು ನಿಮ್ಮದು?’ ಎಂದೆ. ಕೊಪ್ಪಳ ಕಡೆಯ ಹಳ್ಳಿ. ಮುಂಬೈಗೆ ಬಂದು ಎರಡೇ ತಿಂಗಳು. ಹಿಂದಿ ಬಾರದು. ಮಾತ್ರೆ ಹೇಗೆ ತೆಗೆದುಕೊಂಡಿರಿ ಎಂದು ಕೇಳಿದೆ. ‘ದಿನಾ ಒಂದರಂಗ ಎಂಟ್ ದಿನ ತಗೊಂಡೀನ್ರಿ, ಉಂಡ ಮ್ಯಾಲೆ. ಉಳಿದ ಗುಳಿಗಿನೂ ಹಂಗ ಅಲ್ಲೇನ್ರಿ?’

ನೋವಿನ ಮಾತ್ರೆ, ಕ್ಯಾಲ್ಸಿಯಂ, ಎಲ್ಲವೂ ಊಟವಾದ ಮೇಲೆ ದಿನಕ್ಕೊಂದು. ವಾರದ ಮಾತ್ರೆಯೂ ಅದೇ ಸಾಲಿಗೆ ಸೇರಿತ್ತು. ಮಗ ಹೇಳಿದ್ದನೋ, ಮರೆತನೋ, ನನಗೆ ಗೊತ್ತಿಲ್ಲ. ನಾನಂತೂ ಆಕೆಗೆ ಹೇಳಿರಲಿಲ್ಲ. ನನ್ನ ಭಾಷೆಯೇ ಆಕೆಯದೂ ಆಗಿತ್ತು. ‘ನಿಮ್ಮ ಊರು ಯಾವುದು’ ಎಂಬ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು.

ರಕ್ತದಲ್ಲಿ ಬಿಳಿಕಣ ಕುಸಿದಿತ್ತು. ಒಳರೋಗಿಯಾಗಿ ಸೇರಿಸಿಕೊಂಡು, ಈ ಔಷಧದ ವಿಷಕ್ಕೆ ಪ್ರತಿಮದ್ದಾದ ಫೋಲಿನಿಕ್ ಆಮ್ಲ ಕೊಟ್ಟರು. ಬಿಳಿಕಣ ನಿಧಾನಕ್ಕೆ ಏರಿತು, ಆಕೆ ಉಳಿದಳು. ಆ ವಾರ ನಾನು ಪ್ರತಿ ರಾತ್ರಿ ವಾರ್ಡಿಗೆ ಹೋಗಿ ಬಾಂದ್ರಾ ಸ್ಟೇಷನ್ನಿನಿಂದ ಕೊನೆಯ ಲೋಕಲ್‌ಗಳಲ್ಲಿ ಮನೆ ಸೇರುತ್ತಿದ್ದೆ.

ಕೆಲವು ವಾರಗಳ ನಂತರ ಡಾಕ್ಟರು ಸಣ್ಣ ಪ್ರಮಾಣದಲ್ಲಿ ಅದೇ ಔಷಧ ಮತ್ತೆ ಶುರುಮಾಡಿದರು. ಈ ಸಲ ಕನ್ನಡದಲ್ಲಿ ಕುಳಿತು ಮಾತಾಡಿದೆವು. ವಾರದ ಯಾವ ದಿನ ನೆನಪಿರುತ್ತದೆ ಎಂದು ಕೇಳಿದೆ. ‘ನಮ್ಮೂರ ಸಂತಿ ಗುರುವಾರ ಐತ್ರಿ. ಅದನ್ನ ಹೆಂಗ ಮರೀತೀನಿ?’ ಎಂದಳು. ಗುರುವಾರ ಗುಳಿಗೆ, ಶುಕ್ರವಾರ ಫೋಲಿಕ್ ಆಮ್ಲ. ಡಬ್ಬಿಯ ಮೇಲೆ ಕನ್ನಡದಲ್ಲಿ ‘ಸಂತಿ’ ಎಂದು ಬರೆದು ಅಂಟಿಸಿದೆ. ನಾನು ಹೇಳಿದ್ದನ್ನು ಆಕೆಯ ಬಾಯಿಂದ ತಿರುಗಿ ಹೇಳಿಸಿದೆ.

ಒಪ್ಪಿಗೆ ಯಾವ ಭಾಷೆಯಲ್ಲಿ?

ಸಂಶೋಧನೆಯ ನಿಯಮ ಇದನ್ನೇ ಹೇಳುತ್ತದೆ. ದೇಶದಲ್ಲಿ ಈಗಿರುವುದು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳು. ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲೇ ವಿವರಿಸಬೇಕು, ಓದು ಬಾರದವರಿಗೆ ಸ್ವತಂತ್ರ ಸಾಕ್ಷಿ ಇರಬೇಕು, ಯಾವಾಗ ಬೇಕಾದರೂ ಹೊರಬರುವ ಹಕ್ಕು ರೋಗಿಗಿದೆ. ಆದರೆ ನಮ್ಮ ಕಪಾಟಿನಲ್ಲಿ ಇದ್ದದ್ದು ಇಂಗ್ಲಿಷ್, ಹಿಂದಿ, ಮರಾಠಿ, ಗುಜರಾತಿ ಪತ್ರಗಳು. ಆ ಘಟನೆಯ ನಂತರ ಕನ್ನಡದ ಪತ್ರ ಬೇಕೆಂದು ಕೇಳಿ, ನೈತಿಕ ಸಮಿತಿಯ ಮಂಜೂರಾತಿ ಪಡೆದು ಇಟ್ಟುಕೊಂಡಿದ್ದೇವೆ. ಯಾರಿಗೆ ಯಾವ ಔಷಧ ಎಂಬುದು ಡಾಕ್ಟರ ಕೈಯಲ್ಲಿಲ್ಲ, ಚೀಟಿ ಎತ್ತಿದಂತೆ ಎಂದರೆ ನಮ್ಮವರಿಗೆ ತಟ್ಟನೆ ತಿಳಿಯುತ್ತದೆ. ತಿಳಿದ ಮೇಲೆ ಕೆಲವರು ‘ಬ್ಯಾಡ್ರಿ’ ಎಂದು ಎದ್ದು ಹೋಗುತ್ತಾರೆ. ಅದೂ ಸರಿಯೇ.

‘ಆಯುರ್ವೇದ ತಗೊಳ್ಳಬಹುದಾ?’ ಎಂಬುದು ಎಲ್ಲರ ಪ್ರಶ್ನೆ. ಕೊಯಮತ್ತೂರಿನಲ್ಲಿ 43 ರೋಗಿಗಳ ಮೇಲೆ ಆಯುರ್ವೇದ, ಮೆಥೊಟ್ರೆಕ್ಸೇಟ್, ಎರಡೂ ಸೇರಿದ್ದು ಹೀಗೆ ಮೂರು ಗುಂಪು ಮಾಡಿ ನಡೆಸಿದ ಪ್ರಯೋಗ 2011ರಲ್ಲಿ ಪ್ರಕಟವಾಯಿತು. ಮೂರರಲ್ಲೂ ಗುಣ ಹೆಚ್ಚುಕಡಿಮೆ ಒಂದೇ. ಆದರೆ ಅದು ಬಹಳ ಸಣ್ಣ ಪ್ರಯೋಗ, ಅಷ್ಟರಿಂದಲೇ ತೀರ್ಮಾನ ಕಟ್ಟಲಾಗದು. ನಾನು ಹೇಳುವುದಿಷ್ಟೆ: ಏನು ತೆಗೆದುಕೊಂಡರೂ ಡಾಕ್ಟರಿಗೆ ಮುಚ್ಚಿಡಬೇಡಿ. ಹೆಸರು ಚೀಟಿ ಇಲ್ಲದ ಪುಡಿ ಬೇಡವೇ ಬೇಡ, ಅಂಥವುಗಳಲ್ಲಿ ಸ್ಟೆರಾಯ್ಡ್ ಬೆರೆಸುವುದುಂಟು.

ನಿಮ್ಮ ಮನೆಯಲ್ಲಿ ಯಾರಾದರೂ ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುತ್ತಿದ್ದರೆ ಇಂದೇ ಡಬ್ಬಿ ನೋಡಿ, ವಾರದ ಹೆಸರನ್ನು ಕನ್ನಡದಲ್ಲಿ ಬರೆದಿಡಿ. ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕು, ನಡುವೆ ತಾವಾಗಿ ಬಿಡಬಾರದು. ರಕ್ತ, ಯಕೃತ್ತು, ಮೂತ್ರಪಿಂಡದ ಪರೀಕ್ಷೆ ತಪ್ಪಿಸಬಾರದು. ಗರ್ಭಿಣಿಯರು ತೆಗೆದುಕೊಳ್ಳಲೇಬಾರದು, ಮಗು ಬೇಕೆನ್ನುವವರು ಮೊದಲೇ ಡಾಕ್ಟರಿಗೆ ತಿಳಿಸಬೇಕು.

ಆಕೆ ಈಗ ಊರಿನಲ್ಲಿದ್ದಾಳೆ, ಜಿಲ್ಲಾ ಕೇಂದ್ರದಲ್ಲಿ ತೋರಿಸಿಕೊಳ್ಳುತ್ತಾಳೆ. ಬೆರಳು ಪೂರ್ತಿ ನೆಟ್ಟಗಾಗಿಲ್ಲ. ಮೊನ್ನೆ ಫೋನಿನಲ್ಲಿ, ನಾಲ್ಕು ರೊಟ್ಟಿ ಬಡಿಯುವಷ್ಟು ಕೈ ಬಂದಿದೆ ಎಂದಳು. ‘ಗುಳಿಗೆ?’ ಎಂದೆ. ‘ಇವತ್ತ ಸಂತಿ ಅಲ್ಲೇನ್ರಿ, ತಗೊಂಡೀನಿ’ ಎಂದಳು. ಕ್ಯಾಲೆಂಡರ್ ನೋಡಿದೆ. ಗುರುವಾರವೇ.