ಹಳೇ ಯಾಟ್ ಮಾರೋದು ಹೇಗೆ? ಚಿಕ್ಕರಸಿನಕೆರೆಯಿಂದ ಒಂದು ಲೆಕ್ಕ

ನಮ್ಮೂರು ಚಿಕ್ಕರಸಿನಕೆರೆ, ಮದ್ದೂರು ತಾಲ್ಲೂಕು. ನೀರು ಅಂದ್ರೆ ನಮಗೆ ಕೆರೆ, ನಾಲೆ, ಬೋರ್‌ವೆಲ್. ನಾನು ಸಮುದ್ರ ನೋಡಿದ್ದೇ ಪಿಯುಸಿ ಟ್ರಿಪ್‌ನಲ್ಲಿ, ಮಲ್ಪೆಗೆ ಹೋದಾಗ. ಇಂಥ ಊರಿನ ಹುಡುಗ ಯಾಟ್ ಬಗ್ಗೆ ಬರೆಯೋಕೆ ಕೂತಿದ್ದಾನೆ ಅಂದ್ರೆ ನಗು ಬರೋದು ಸಹಜ. ಆದ್ರೆ ಕೊನೇವರೆಗೂ ಓದಿ. ಇದು ಶ್ರೀಮಂತರ ಆಟಿಕೆಯ ಕಥೆಯಷ್ಟೇ ಅಲ್ಲ, ನಮ್ಮ ಮನೆ ಟ್ರ್ಯಾಕ್ಟರ್ ಕಥೆನೂ ಹೌದು.

ನಾಲ್ಕು ವರ್ಷದ ಹಿಂದೆ ಅಪ್ಪ ಒಂದು ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ತಗೊಂಡ್ರು. ಹೊಸ ಪೇಂಟು, ಹೊಸ ಸೀಟು, ಪಳಪಳ ಅಂತಿತ್ತು. ಒಂದೇ ತಿಂಗಳಲ್ಲಿ ಎಂಜಿನ್ ಆಯಿಲ್ ಹಾಲು ಹಾಕಿದ ಕಾಫಿ ಥರ ಆಯ್ತು. ಆಯಿಲ್‌ಗೆ ನೀರು ಸೇರ್ತಿತ್ತು. ಮಾರಿದವರಿಗೆ ಗೊತ್ತಿತ್ತು, ಹೇಳಿರಲಿಲ್ಲ. ಆ ವರ್ಷದ ಕಬ್ಬಿನ ದುಡ್ಡು ಎಂಜಿನ್‌ಗೆ ಹೋಯ್ತು, ನನ್ನ ಹಾಸ್ಟೆಲ್ ಫೀಸಿಗೆ ಅವ್ವನ ಓಲೆ ಅಡಕ್ಕೆ ಹೋಯ್ತು. ಮೆಕ್ಯಾನಿಕಲ್ ಸೇರಿದ ಮೇಲೆ ಹಳೇ ಯಂತ್ರಗಳನ್ನ ಪರೀಕ್ಷೆ ಮಾಡೋದು ಹೇಗೆ ಅಂತ ಹುಡುಕ್ತಾ ಹೋದಾಗ ನಾನು ಮುಟ್ಟಿದ್ದು ಮೋಟಾರ್ ಯಾಟ್‌ಗಳ ಪ್ರಪಂಚ. ಹಳೇ ಯಂತ್ರ ಕೊಳ್ಳೋ, ಮಾರೋ ಕೆಲಸಕ್ಕೆ ಅವರು ಮಾಡಿಕೊಂಡಿರೋ ಕ್ರಮ ನೋಡಿ ಬೆರಗಾಯ್ತು.

ಮೋಟಾರ್ ಯಾಟ್ ಅಂದ್ರೆ ಹಾಯಿ ಇಲ್ಲದೆ ಎಂಜಿನ್‌ನಿಂದಲೇ ಓಡುವ, ಒಳಗೆ ಮಲಗೋಕೆ, ಅಡುಗೆ ಮಾಡೋಕೆ ಜಾಗ ಇರುವ ವಿಹಾರದ ದೋಣಿ. ದಡದಿಂದ ತೀರಾ ದೂರ ಹೋಗದೆ ಊರಿಂದ ಊರಿಗೆ ಸುತ್ತೋದನ್ನ ಕರಾವಳಿ ವಿಹಾರ ಅಂತಾರೆ. ನಮ್ಮ ಕರಾವಳಿಯಲ್ಲಿ ಮಳೆಗಾಲದಲ್ಲಿ ಇದು ಆಗದ ಮಾತು. ಯಾಂತ್ರೀಕೃತ ಮೀನುಗಾರಿಕೆಗೇ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ನಿಷೇಧ ಇರುತ್ತೆ. ಮೀನುಗಾರರು ಆ ಬಿಡುವಿನಲ್ಲೇ ಬೋಟ್‌ಗಳನ್ನ ದಡಕ್ಕೆ ಎಳೆದು ರಿಪೇರಿ ಮಾಡ್ಕೋತಾರೆ. ಯಾಟ್‌ಗೂ ಅದೇ ಒಳ್ಳೆ ಕಾಲ, ಯಾಕಂದ್ರೆ ನಿಜವಾದ ಶತ್ರುಗಳು ಕೂತಿರೋದು ನೀರಿನ ಕೆಳಗೆ.

ಉಪ್ಪುನೀರು ಏನು ಮಾಡುತ್ತೆ?

ಮೊದಲನೇದು ತುಕ್ಕು. ಕಂಚಿನ ಪ್ರೊಪೆಲರ್, ಸ್ಟೇನ್‌ಲೆಸ್ ಸ್ಟೀಲ್ ಶಾಫ್ಟ್ ಎರಡೂ ಸಮುದ್ರದ ನೀರಲ್ಲಿ ಒಟ್ಟಿಗಿದ್ರೆ ಅದು ಒಂದು ಬ್ಯಾಟರಿ ಇದ್ದ ಹಾಗೆ. ಎರಡರಲ್ಲಿ ಒಂದು ಲೋಹ ಸವೀತಾ ಹೋಗುತ್ತೆ. ಅದಕ್ಕೇ ಅವೆರಡಕ್ಕಿಂತ ಬೇಗ ಸವೆಯೋ ಸತುವಿನ ತುಂಡುಗಳನ್ನ ಕಟ್ಟಿರ್ತಾರೆ. ಸತು ತಾನು ಕರಗಿ ಉಳಿದದ್ದನ್ನ ಕಾಪಾಡುತ್ತೆ. ಅರ್ಧ ಸವೆದಾಗಲೇ ಬದಲಾಯಿಸ್ಬೇಕು. ಬೆಲೆ ಕಡಿಮೆ, ಆದ್ರೆ ಮರೆತರೆ ಪ್ರೊಪೆಲರ್ರೇ ಹೋಗುತ್ತೆ.

ಎರಡನೇದು ಬೊಬ್ಬೆ. ಫೈಬರ್ ಒಡಲಿನ ಹೊರಗೆ ಜೆಲ್‌ಕೋಟ್ ಅನ್ನೋ ಪದರ ಇರುತ್ತೆ. ವರ್ಷಗಟ್ಟಲೆ ನೀರಲ್ಲಿದ್ರೆ ನೀರು ನಿಧಾನಕ್ಕೆ ಒಳಗೆ ಇಳಿದು ರಾಳದ ಅಂಶಗಳ ಜೊತೆ ಸೇರುತ್ತೆ. ಆ ಗಟ್ಟಿ ದ್ರವ ಇನ್ನಷ್ಟು ನೀರನ್ನ ಎಳ್ಕೊಳ್ಳುತ್ತೆ. ಹೈಸ್ಕೂಲಲ್ಲಿ ಒಣದ್ರಾಕ್ಷಿ ನೀರಲ್ಲಿ ಊದಿಕೊಂಡ ಪ್ರಯೋಗ ನೆನಪಿದೆಯಾ? ಅದೇ ಆಸ್ಮಾಸಿಸ್. ಬೊಬ್ಬೆ ಒಡೆದ್ರೆ ವಿನೆಗರ್ ಥರ ಹುಳಿ ವಾಸನೆ ಬರುತ್ತೆ. ಪೇಂಟ್ ಬಳಿದು ಇದನ್ನ ಮುಚ್ಚಬಹುದು, ಆದ್ರೆ ತೇವ ಅಳೆಯೋ ಮೀಟರ್ ಸುಳ್ಳನ್ನ ಹಿಡಿಯುತ್ತೆ.

ಮೂರನೇದು ಓಡಿಸದೇ ಇರೋದು! "ಎಂಜಿನ್ ಬರೀ 200 ಗಂಟೆ ಓಡಿದೆ" ಅಂತ ಹೆಮ್ಮೆಯಿಂದ ಹೇಳ್ತಾರೆ. 15 ವರ್ಷದ ದೋಣಿಗೆ ಅದು ಒಳ್ಳೆ ಸುದ್ದಿ ಅಲ್ಲ. ನಿಂತ ಎಂಜಿನ್‌ನಲ್ಲಿ ರಬ್ಬರ್ ಇಂಪೆಲರ್ ಬಿರಿಯುತ್ತೆ, ಡೀಸೆಲ್ ಟ್ಯಾಂಕಿನ ತಳದಲ್ಲಿ ನೀರು ಸೇರಿ ಅಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಫಿಲ್ಟರ್ ಕಟ್ಟಿಕೊಳ್ಳುತ್ತೆ. ವರ್ಷಾವರ್ಷಾ ಓಡಿ, ಕಾಲಕಾಲಕ್ಕೆ ಆಯಿಲ್ ಕಂಡ 1,500 ಗಂಟೆಯ ಎಂಜಿನ್ ಅದಕ್ಕಿಂತ ಎಷ್ಟೋ ವಾಸಿ.

ಕೊಳ್ಳೋರು ಏನು ನೋಡ್ತಾರೆ?

ಇಲ್ಲಿ ಸರ್ವೇಯರ್ ಅಂದ್ರೆ ಜಮೀನು ಅಳೆಯೋರಲ್ಲ, ದೋಣಿ ಪರೀಕ್ಷಕರು. ಕೊಳ್ಳೋರೇ ದುಡ್ಡು ಕೊಟ್ಟು ಕರೆಸ್ತಾರೆ. ದೋಣೀನ ನೀರಿಂದ ಮೇಲೆತ್ತಿ ಸಣ್ಣ ಸುತ್ತಿಗೆಯಿಂದ ಒಡಲನ್ನ ತಟ್ಟಿ ಕೇಳ್ತಾರೆ. ನಮ್ಮಲ್ಲಿ ತೆಂಗಿನಕಾಯಿ ತಟ್ಟಿ ನೋಡಲ್ವಾ, ಹಾಗೆ. ಟಣ್ ಅಂದ್ರೆ ಗಟ್ಟಿ, ಬದ್ ಅಂದ್ರೆ ಒಳಗೆ ಪದರ ಬಿಟ್ಟಿದೆ. ಆಯಿಲ್ ಸ್ಯಾಂಪಲ್ ಲ್ಯಾಬ್‌ಗೆ ಹೋಗುತ್ತೆ. ಕಬ್ಬಿಣದ ಕಣ ಜಾಸ್ತಿ ಇದ್ರೆ ಸವೆತ, ಸೋಡಿಯಂ ಬಂದ್ರೆ ಉಪ್ಪುನೀರು ಎಲ್ಲೋ ಸೇರ್ತಿದೆ ಅಂತ ಅನುಮಾನ. ಆಮೇಲೆ ಸಮುದ್ರದಲ್ಲಿ ಪೂರ್ತಿ ವೇಗದಲ್ಲಿ ಓಡಿಸಿ ಹೊಗೆ ನೋಡ್ತಾರೆ. ಕಪ್ಪು ಹೊಗೆ ಅಂದ್ರೆ ಹೊರೆ ಜಾಸ್ತಿ ಅಥವಾ ಗಾಳಿ ಸಾಲ್ತಿಲ್ಲ, ನೀಲಿ ಅಂದ್ರೆ ಆಯಿಲ್ ಸುಡ್ತಿದೆ. ನಮ್ಮಪ್ಪನಿಗೆ ಆ ಒಂದು ಆಯಿಲ್ ಪರೀಕ್ಷೆ ಗೊತ್ತಿದ್ದಿದ್ರೆ ಅವ್ವನ ಓಲೆ ಉಳೀತಿತ್ತು.

ಆದ್ರೆ ಅನುಭವಿ ಕೊಳ್ಳುಗರು ಇದಕ್ಕೂ ಮೊದಲು ಕೇಳೋದು ಒಂದು ಫೈಲು. ಯಾವ ದಿನ, ಎಷ್ಟನೇ ಗಂಟೆಗೆ ಆಯಿಲ್ ಬದಲಾಯ್ತು, ಸತು ಯಾವಾಗ ಹಾಕಿದ್ರು, ಬಿಲ್ ಎಲ್ಲಿ? ದೋಣಿ ಇಟ್ಕೊಳ್ಳೋಕೆ ವರ್ಷಕ್ಕೆ ಅದರ ಬೆಲೆಯ ಸುಮಾರು 10% ಖರ್ಚು ಅನ್ನೋದು ಬಳಕೆಯಲ್ಲಿರೋ ಅಂದಾಜು. ಆ ಖರ್ಚು ಮಾರುವಾಗ ಪೂರ್ತಿ ವಾಪಸ್ ಬರಲ್ಲ. ಆದ್ರೆ ಅದು ಕಾಗದದಲ್ಲಿ ಇಲ್ದಿದ್ರೆ ಒಂದು ಪೈಸೆನೂ ಬರಲ್ಲ.

ಕಾಣದ ಸಾಲ

ಒಡಲು, ಎಂಜಿನ್ ಎರಡೂ ಚೆನ್ನಾಗಿದ್ರೂ ದೋಣಿ ಕೈಬಿಟ್ಟು ಹೋಗಬಹುದು. ಇದಕ್ಕೆ ಉದಾಹರಣೆ ನಮ್ಮ ರಾಜ್ಯದ ಎಲ್ಲರಿಗೂ ಗೊತ್ತಿರೋ ಹೆಸರು: ವಿಜಯ್ ಮಲ್ಯ. ಕರ್ನಾಟಕದಿಂದ ಎರಡು ಸಲ ರಾಜ್ಯಸಭೆಗೆ ಹೋದವರು. ಅವರ 'ಇಂಡಿಯನ್ ಎಂಪ್ರೆಸ್' 95 ಮೀಟರ್ ಉದ್ದದ ಯಾಟ್, 2000ದಲ್ಲಿ ನೆದರ್ಲ್ಯಾಂಡ್ಸ್‌ನ ಓಷಿಯಾಂಕೋ ಕಟ್ಟಿದ್ದು. ಮಲ್ಯ ಅದನ್ನ ಸೆಕೆಂಡ್ ಹ್ಯಾಂಡ್ ಆಗಿಯೇ ತಗೊಂಡಿದ್ರು. 2017ರ ಸೆಪ್ಟೆಂಬರ್‌ನಿಂದ ಸಿಬ್ಬಂದಿಗೆ ಸಂಬಳ ನಿಂತಿತು. 40ಕ್ಕೂ ಹೆಚ್ಚು ಜನ, ಅದರಲ್ಲಿ ಭಾರತದವರೂ ಇದ್ರು. 2018ರ ಮಾರ್ಚ್‌ನಲ್ಲಿ ಮಾಲ್ಟಾದಲ್ಲಿ ಆ ಯಾಟನ್ನೇ ಅರೆಸ್ಟ್ ಮಾಡಲಾಯ್ತು. ಹೌದು, ಸಮುದ್ರದ ಕಾನೂನಲ್ಲಿ ದೋಣೀನೇ ಅರೆಸ್ಟ್ ಮಾಡ್ತಾರೆ! ಮೊದಲ ಹರಾಜಿನಲ್ಲಿ 4.35 ಕೋಟಿ ಯೂರೋ ಕೂಗಿದವರು ದುಡ್ಡು ಕಟ್ಟಲಿಲ್ಲ. ಸೆಪ್ಟೆಂಬರ್‌ನಲ್ಲಿ ಅದು 3.5 ಕೋಟಿ ಯೂರೋಗೆ ಹೋಯ್ತು.

ಟ್ರ್ಯಾಕ್ಟರ್ ಮೇಲೆ ಬ್ಯಾಂಕ್ ಸಾಲ ಇದ್ರೆ ಆರ್‌ಸಿ ಪುಸ್ತಕದಲ್ಲಿ ಬರೆದಿರುತ್ತೆ. ಆದ್ರೆ ಸಿಬ್ಬಂದಿಯ ಸಂಬಳದ ಬಾಕಿ ಎಲ್ಲೂ ಬರೆದಿರಲ್ಲ. ಅದು ದೋಣಿಗೇ ಅಂಟಿಕೊಳ್ಳುತ್ತೆ, ಮಾಲೀಕ ಬದಲಾದ್ರೂ ಬಿಡಲ್ಲ. ನಮ್ಮ ದೇಶದ 2017ರ ಅಡ್ಮಿರಾಲ್ಟಿ ಕಾಯ್ದೆಯೂ ಇದನ್ನೇ ಹೇಳುತ್ತೆ, ಇಂಥ ಹಕ್ಕುಗಳಲ್ಲಿ ನಾವಿಕರ ಸಂಬಳಕ್ಕೇ ಮೊದಲ ಸ್ಥಾನ ಕೊಡುತ್ತೆ. ಈ ಕಾಯ್ದೆ ಪ್ರಕಾರ ಕರ್ನಾಟಕ ಹೈಕೋರ್ಟ್‌ಗೂ ಹಡಗನ್ನ ಅರೆಸ್ಟ್ ಮಾಡಿಸೋ ಅಧಿಕಾರ ಇದೆ. ಅದಕ್ಕೇ ಯಾಟ್ ಮಾರೋರು ಕಟ್ಟೆ ಬಾಡಿಗೆ, ರಿಪೇರಿ ಯಾರ್ಡ್, ಸಿಬ್ಬಂದಿ ಸಂಬಳ ಎಲ್ಲ ಚುಕ್ತಾ ಆಗಿರೋ ರಸೀದಿ ಮುಂದಿಡ್ಬೇಕು. "ಚೆನ್ನಾಗಿ ನೋಡ್ಕೊಂಡಿದ್ದೀವಿ" ಅನ್ನೋ ಮಾತಿನಲ್ಲಿ ಅದನ್ನ ತೊಳೆದು ಒರೆಸಿದ ಮನುಷ್ಯರನ್ನ ನೋಡ್ಕೊಂಡಿದ್ದೂ ಸೇರುತ್ತೆ.

ಇದೇ ಮಲ್ಯ ಅವರ ಕೈಲಿದ್ದ ಇನ್ನೊಂದು ಯಾಟ್ 'ಕಲಿಝ್ಮಾ'. ಅದು ಕಟ್ಟಿದ್ದು 1906ರಲ್ಲಿ, ಸ್ಕಾಟ್ಲೆಂಡ್‌ನಲ್ಲಿ. 1967ರಲ್ಲಿ ನಟ ರಿಚರ್ಡ್ ಬರ್ಟನ್ ಕೊಂಡು ಮೂವರು ಹೆಣ್ಣುಮಕ್ಕಳಾದ ಕೇಟ್, ಲೈಜಾ, ಮರಿಯಾ ಹೆಸರು ಸೇರಿಸಿ ಈ ಹೆಸರಿಟ್ರು. ನೂರು ವರ್ಷ ದಾಟಿದ ದೋಣಿಗೂ ಕೊಳ್ಳೋರು ಸಿಕ್ತಾರೆ ಅಂದ್ರೆ, ವಯಸ್ಸು ದೋಣಿಯ ಬೆಲೆ ಕಳೆಯೋದಕ್ಕಿಂತ ಉಪೇಕ್ಷೆ ಕಳೆಯೋದೇ ಹೆಚ್ಚು.

ಕೊನೇ ಮಾತು

ಮಾರೋ ಕ್ರಮ ಚಿಕ್ಕದಾಗಿ ಹೇಳ್ಬೇಕಂದ್ರೆ: ಮೊದಲು ಫೈಲ್ ಜೋಡಿಸಿ, ಬಾಕಿ ತೀರಿಸಿ, ಸಣ್ಣಪುಟ್ಟ ರಿಪೇರಿ ಮಾಡಿಸಿ, ಆಮೇಲೆ ತೊಳೆದು ಫೋಟೋ ತೆಗೀರಿ. ಉಳಿದ ದೋಷಗಳನ್ನ ನೀವೇ ಪಟ್ಟಿ ಮಾಡಿ ಕೊಡಿ. ಸರ್ವೇಯರ್ ಹೇಗೂ ಕಂಡುಹಿಡೀತಾರೆ. ನೀವು ಮೊದಲೇ ಹೇಳಿದ್ರೆ ಅದು ಬೆಲೆಯ ಚೌಕಾಸಿ, ಅವರು ಕಂಡುಹಿಡಿದ್ರೆ ಅದು ನಂಬಿಕೆಯ ಪ್ರಶ್ನೆ.

ಹೋದ ಯುಗಾದಿಗೆ ಅಪ್ಪ ಆ ಟ್ರ್ಯಾಕ್ಟರ್ ಮಾರಿದ್ರು. ರಿಪೇರಿ ಆದ ದಿನದಿಂದ ಒಂದು ನೂರು ಪುಟದ ನೋಟ್‌ಬುಕ್‌ನಲ್ಲಿ ನಾನೇ ಎಲ್ಲ ಬರೆದಿಟ್ಟಿದ್ದೆ. ಕೊಳ್ಳೋಕೆ ಬಂದ ಮಳವಳ್ಳಿ ಕಡೆಯವರಿಗೆ ಅಪ್ಪ ಮೊದಲು ಹೇಳಿದ್ದು, "ನೋಡಪ್ಪ, ಇದರ ಎಂಜಿನ್ ಒಂದ್ಸಲ ಬಿಚ್ಚಿದೆ, ಹೈಡ್ರಾಲಿಕ್ ಸ್ವಲ್ಪ ನಿಧಾನ." ನನಗೆ ಎದೆ ಧಸಕ್ ಅಂತು. ಅವರು ನೋಟ್‌ಬುಕ್ ಪೂರ್ತಿ ಓದಿದ್ರು, ನಾವು ಕೇಳಿದ್ದರಲ್ಲಿ ಎಂಟು ಸಾವಿರ ಕಡಿಮೆ ಮಾಡಿ ಅಲ್ಲೇ ಅಡ್ವಾನ್ಸ್ ಕೊಟ್ರು. ನೋಟ್‌ಬುಕ್‌ನೂ ಜೊತೆಗೇ ತಗೊಂಡು ಹೋದ್ರು.

ಅವ್ವನ ಓಲೆ ಬಿಡಿಸ್ಕೊಂಡು ಬಂದಿದ್ದೀವಿ.