ಕಯಾಕ್ ದೋಣಿಯಿಂದ ಅಂಜಲ್ ಹಿಡಿಯಲು ಜೀವಂತ ಎರೆ ಕಟ್ಟುವ ಕ್ರಮ

ಕರಾವಳಿಯ ಅನೇಕ ರೈತರಿಗೆ ಮುಂಗಾರು ಭತ್ತದ ಕೊಯ್ಲು ಮುಗಿದ ಮೇಲೆ ಗಾಳ ಹಿಡಿದು ನೀರಿಗೆ ಇಳಿಯುವ ರೂಢಿ ಉಂಟು. ಈಚಿನ ವರ್ಷಗಳಲ್ಲಿ ಕಯಾಕ್ ಎಂಬ ಹಗುರವಾದ ದೋಣಿಯೂ ನಮ್ಮ ಅಳಿವೆಗಳಲ್ಲಿ ಕಾಣಿಸಿಕೊಂಡಿದೆ. ಆರ್ಕ್ಟಿಕ್ ಪ್ರದೇಶದ ಇನ್ಯೂಟ್ ಜನರು ಸೀಲ್ ಬೇಟೆಗಾಗಿ ಚರ್ಮದಿಂದ ಕಟ್ಟುತ್ತಿದ್ದ ದೋಣಿಯೇ ಇದರ ಮೂಲ. ಈಗ ಮೀನು ಹಿಡಿಯಲು ಬಳಸುವ ಕಯಾಕ್‌ಗಳು ಹೆಚ್ಚಾಗಿ ಪಾಲಿಥಿನ್‌ನಿಂದ ಮಾಡಿದವು. ಒಬ್ಬನೇ ಮೇಲೆ ಕುಳಿತು, ಎರಡು ತುದಿಗಳಲ್ಲಿ ಅಲಗಿರುವ ಹುಟ್ಟಿನಿಂದ ಇದನ್ನು ನಡೆಸಬಹುದು.

ಚಲಿಸುವ ದೋಣಿಯ ಹಿಂದೆ ಗಾಳವನ್ನು ಎಳೆದುಕೊಂಡು ಹೋಗುವ ಪದ್ಧತಿಗೆ ಟ್ರೋಲಿಂಗ್ ಎನ್ನುತ್ತಾರೆ. ಯಂತ್ರದ ದೋಣಿಗಳು ಎಳೆಯುವ ಟ್ರಾಲ್ ಬಲೆಗೂ ಇದಕ್ಕೂ ಸಂಬಂಧವಿಲ್ಲ. ಎಂಜಿನ್ ದೋಣಿಯ ವೇಗಕ್ಕೆ ಜೀವಂತ ಎರೆ ತಡೆಯಲಾರದು. ಸ್ವಲ್ಪ ಹೊತ್ತಿನಲ್ಲೇ ಸಾಯುತ್ತದೆ. ಕಯಾಕ್ ಉಳುವ ಎತ್ತಿನ ನಡಿಗೆಯಲ್ಲಿ, ಅಂದರೆ ಗಂಟೆಗೆ 2ರಿಂದ 3 ಕಿ.ಮೀ. ವೇಗದಲ್ಲಿ ಸಾಗಬಲ್ಲದು. ಈ ನಿಧಾನವೇ ಅದರ ದೊಡ್ಡ ಗುಣ. ಎರೆ ಜೀವದಿಂದಿದ್ದು ನೇರವಾಗಿ ಈಜುತ್ತಿದ್ದರೆ ಮಾತ್ರ ದೊಡ್ಡ ಮೀನು ನಂಬಿ ಬರುತ್ತದೆ. ಮುಂದೆ ಹೇಳುವ ಪ್ರತಿಯೊಂದು ಕ್ರಮವೂ ಎರೆಯ ಜೀವ ಉಳಿಸುವುದಕ್ಕಾಗಿಯೇ ಎಂಬುದನ್ನು ನೆನಪಿಡಬೇಕು.

ಅಂಜಲ್‌ನ ಸ್ವಭಾವ

ದಕ್ಷಿಣ ಕನ್ನಡದವರು ಅಂಜಲ್ ಎಂದೂ ಕಾರವಾರದ ಕಡೆಯವರು ಇಸವಣ ಎಂದೂ ಕರೆಯುವ ಈ ಮೀನು ಬಂಗುಡೆ, ತಾರ್ಲಿಗಳ ಹಿಂಡನ್ನು ಹಿಂಬಾಲಿಸಿ ತಿನ್ನುತ್ತದೆ. ಇದರ ಹಲ್ಲು ಕತ್ತರಿಯಂತೆ ಹರಿತ. ಬಹಳ ಸಲ ಇದು ಎರೆಯನ್ನು ಇಡಿಯಾಗಿ ನುಂಗದೆ, ವೇಗವಾಗಿ ಬಂದು ಬಾಲದ ಭಾಗವನ್ನು ಕತ್ತರಿಸಿಕೊಂಡು ಹೋಗುತ್ತದೆ. ಆದ್ದರಿಂದ ಮೂಗಿಗೆ ಒಂದೇ ಗಾಳ ಹಾಕಿದರೆ ತಲೆ ನಮಗೆ, ಬಾಲ ಮೀನಿಗೆ! ಬರಿಯ ನೈಲಾನ್ ದಾರ ಕಟ್ಟಿದರೆ ಗಾಳವೂ ಉಳಿಯದು. ಎರಡು ಗಾಳ ಮತ್ತು ಉಕ್ಕಿನ ತಂತಿ ಬೇಕಾಗುವುದು ಈ ಕಾರಣದಿಂದ.

ಎರೆಯ ಆಯ್ಕೆ ಮತ್ತು ಪಾಲನೆ

15ರಿಂದ 18 ಸೆಂ.ಮೀ. ಉದ್ದದ ಬಂಗುಡೆ ಉತ್ತಮ ಎರೆ. ಸಣ್ಣ ಗಾಳಗಳ ಸರದಿಂದ ಅಲ್ಲಿಯೇ ಹಿಡಿದ ಮೀನಾದರೆ ಒಳ್ಳೆಯದು. ಒಣಗಿದ ಕೈಯಿಂದ ಮುಟ್ಟಬಾರದು. ಮೈಮೇಲಿನ ಲೋಳೆ ಮತ್ತು ಹುರುಪೆ ಕಿತ್ತುಹೋದರೆ ಮೀನು ಹೆಚ್ಚು ಹೊತ್ತು ಬದುಕದು. ತಾರ್ಲಿಯ ಹುರುಪೆ ಇನ್ನೂ ಸಡಿಲ.

ಬಂಗುಡೆ ಮುಂದಕ್ಕೆ ಈಜುತ್ತ, ಬಾಯಿಂದ ಹೊಕ್ಕ ನೀರನ್ನು ಕಿವಿರುಗಳ ಮೂಲಕ ಹಾಯಿಸಿ ಉಸಿರಾಡುತ್ತದೆ. ನಿಂತ ನೀರಿನ ಬಕೆಟ್‌ನಲ್ಲಿ ತುಂಬಿಟ್ಟರೆ ಬೇಗ ಸೊರಗುತ್ತದೆ. ಅಗಲವಾದ ಪಿ.ವಿ.ಸಿ. ಕೊಳವೆಗೆ ಸುತ್ತಲೂ ತೂತು ಕೊರೆದು, ಎರಡು ಬಾಯಿಗೂ ತೂತುಳ್ಳ ಮುಚ್ಚಳ ಹಾಕಿ, ದೋಣಿಯ ಪಕ್ಕದಲ್ಲಿ ನೀರಿನೊಳಗೆ ಕಟ್ಟಿ ಎಳೆಯಬಹುದು. ಮೀನಿನ ತಲೆ ದೋಣಿಯ ಮುಂಭಾಗದ ಕಡೆಗೆ ಇರಲಿ. ಮೂರು ನಾಲ್ಕಕ್ಕಿಂತ ಹೆಚ್ಚು ಮೀನು ತುಂಬಬೇಡಿ.

ಗಾಳ ಕಟ್ಟುವ ಕ್ರಮ

1. ರೀಲಿನ ದಾರದ ತುದಿಗೆ 15ರಿಂದ 20 ಕಿ.ಗ್ರಾಂ. ತಡೆಯುವ ದಪ್ಪ ನೈಲಾನ್ ದಾರವನ್ನು ಒಂದೂವರೆ ಮೀಟರಿನಷ್ಟು ಜೋಡಿಸಿ, ಅದರ ಕೊನೆಗೆ ತಿರುಗುವ ಕೊಂಡಿಯನ್ನು ಕಟ್ಟಬೇಕು. ಕೊಂಡಿ ಇದ್ದರೆ ದಾರ ಹುರಿಗೊಳ್ಳುವುದು ಕಡಿಮೆ.

2. ಕೊಂಡಿಗೆ ಅಷ್ಟೇ ಬಲದ ಉಕ್ಕಿನ ತಂತಿಯನ್ನು 60 ಸೆಂ.ಮೀ. ಉದ್ದಕ್ಕೆ ಜೋಡಿಸಿ. ಒಂಟಿ ಎಳೆಯ ತಂತಿಯನ್ನು ಗಂಟು ಹಾಕಬಾರದು. ಎರಡು ಎಳೆಗಳನ್ನೂ ಒಂದಕ್ಕೊಂದು ಐದಾರು ಸುತ್ತು ಹೆಣೆದು, ನಂತರ ಉಳಿದ ತುದಿಯನ್ನು ಒತ್ತೊತ್ತಾಗಿ ಐದು ಸುತ್ತು ಸುತ್ತಿ. ತುದಿಯನ್ನು ಇಕ್ಕಳದಿಂದ ಕತ್ತರಿಸದೆ, ಹಿಂದೆ ಮುಂದೆ ಬಗ್ಗಿಸಿ ಮುರಿಯಿರಿ. ಕತ್ತರಿಸಿದ ತುದಿ ಕೈ ಸೀಳುತ್ತದೆ.

3. ತಂತಿಯ ತುದಿಗೆ ಒಂದು ಮೊನೆಯ ಗಾಳ. ಅದರ ಕಣ್ಣಿನಿಂದ ಸುಮಾರು 10 ಸೆಂ.ಮೀ. ತಂತಿ ಬಿಟ್ಟು, ಮೂರು ಮೊನೆಯ ಚಿಕ್ಕ ಗಾಳ. ಇದು ಬಾಲದ ಕಡೆಯ ಗಾಳ.

4. ಮುಂದಿನ ಗಾಳವನ್ನು ಎರೆಯ ಎರಡು ಮೂಗಿನ ಹೊಳ್ಳೆಗಳ ಮೂಲಕ ಅಡ್ಡಲಾಗಿ ಹಾಯಿಸಿ. ಎರಡು ದವಡೆಗಳನ್ನೂ ಸೇರಿಸಿ ಚುಚ್ಚಿದರೆ ಬಾಯಿ ಮುಚ್ಚಿಹೋಗಿ ಎರೆ ಉಸಿರುಗಟ್ಟುತ್ತದೆ.

5. ಹಿಂದಿನ ಗಾಳದ ಒಂದು ಮೊನೆಯನ್ನು ಬೆನ್ನಿನ ಈಜುರೆಕ್ಕೆಯ ಹಿಂದೆ, ಚರ್ಮಕ್ಕೆ ಮಾತ್ರ ತಗಲುವಂತೆ ಚುಚ್ಚಿ. ಬೆನ್ನುಮೂಳೆಗೆ ತಾಗಬಾರದು. ಎರಡು ಗಾಳಗಳ ನಡುವಿನ ತಂತಿ ಸ್ವಲ್ಪ ಸಡಿಲವಿರಲಿ. ಬಿಗಿಯಾದರೆ ಎರೆ ಬಾಲ ಬೀಸಲಾರದೆ ಗಿರಗಿರನೆ ತಿರುಗುತ್ತದೆ.

ಇನ್ನೂ ಉತ್ತಮವಾದ ವಿಧಾನವೊಂದಿದೆ. ಎತ್ತಿಗೆ ಮೂಗುದಾರ ಹಾಕಿದಂತೆ, ಎರೆಯ ಕಣ್ಣುಗುಳಿಯ ಮುಂಭಾಗದಲ್ಲಿ, ಕಣ್ಣಿಗೆ ತಾಗದಂತೆ, ದಬ್ಬಣದಿಂದ ಗಟ್ಟಿ ದಾರವನ್ನು ಅಡ್ಡಲಾಗಿ ಹಾಯಿಸಿ ಗಂಟು ಹಾಕುವುದು. ಆ ದಾರದ ಕುಣಿಕೆಗೆ ಗಾಳವನ್ನು ಸಿಕ್ಕಿಸಿ ಎರಡು ಮೂರು ಸಲ ತಿರುಚಿ, ಮೊನೆಯನ್ನು ದಾರದ ಕೆಳಗಿನಿಂದ ತೂರಿಸಬೇಕು. ಗಾಳ ಎರೆಯ ಮೈಗೆ ಚುಚ್ಚುವುದೇ ಇಲ್ಲ. ಅದು ತಲೆಯ ಮುಂದೆ ಬಯಲಾಗಿ ನಿಲ್ಲುವುದರಿಂದ ಅಂಜಲ್‌ನ ಬಾಯಿಗೂ ಸುಲಭವಾಗಿ ನಾಟುತ್ತದೆ.

ಎಳೆಯುವ ಕ್ರಮ

ಎರೆಯನ್ನು ಎಸೆಯದೆ ಮೆಲ್ಲನೆ ನೀರಿಗೆ ಬಿಡಿ. ನಾಲ್ಕು ಹುಟ್ಟು ಹಾಕುತ್ತ 20ರಿಂದ 25 ಮೀಟರ್ ದಾರ ಬಿಟ್ಟು, ಕೋಲನ್ನು ಹಿಡಿಕೆಯಲ್ಲಿ ನಿಲ್ಲಿಸಿ. ಎರಡನೆಯ ಗಾಳ ಹಾಕುವುದಾದರೆ ಅದಕ್ಕೆ 10 ಮೀಟರ್ ಸಾಕು. ದೋಣಿಯನ್ನು ಅಗಲವಾಗಿ ತಿರುಗಿಸಿದರೆ ದಾರಗಳು ಸಿಕ್ಕಾಗವು.

ಕೋಲಿನ ತುದಿ ಒಂದೇ ಸಮ ತುಡಿಯುತ್ತಿದ್ದರೆ ಎರೆ ಕ್ಷೇಮ. ತುಡಿತ ನಿಂತರೆ ಎರೆ ಸತ್ತಿದೆ, ಇಲ್ಲವೇ ಕಸ ಸಿಕ್ಕಿದೆ. ಇದ್ದಕ್ಕಿದ್ದಂತೆ ತುಡಿತ ಜೋರಾದರೆ ಬೇಟೆಯ ಮೀನು ಹತ್ತಿರ ಬಂದಿದೆ ಎಂದು ತಿಳಿಯಬೇಕು. ಎರೆ ನೀರಿನ ಮೇಲೆ ಜಾರುತ್ತ ಬಂದರೆ ನಿಮ್ಮ ವೇಗ ಹೆಚ್ಚಾಯಿತು.

ರೀಲಿನ ಬಿಗಿ ಒಂದು ಕಿಲೋ ಎಳೆತಕ್ಕೆ ಬಿಚ್ಚಿಕೊಳ್ಳುವಷ್ಟು ಸಡಿಲವಿರಲಿ. ಅಂಜಲ್‌ನ ಮೊದಲ ಓಟ ಬಹಳ ಬಿರುಸು. ಬಿಗಿ ಹಿಡಿದರೆ ಚಿಕ್ಕ ಗಾಳ ಕಿತ್ತು ಬರುತ್ತದೆ. ಕೋಲನ್ನು ಜಗ್ಗದೆ ಓಡಲು ಬಿಡಿ. ದಾರವನ್ನು ದೋಣಿಯ ಮುಂಭಾಗಕ್ಕೆ ತನ್ನಿ. ಆಗ ಮೀನು ದೋಣಿಯನ್ನೇ ಎಳೆದು ದಣಿಯುತ್ತದೆ. ಅಡ್ಡಲಾಗಿ ಎಳೆದರೆ ಕಯಾಕ್ ಮಗುಚಬಹುದು.

ಎಚ್ಚರಿಕೆಗಳು

ಜೀವರಕ್ಷಕ ಜಾಕೆಟ್ ಧರಿಸದೆ ಎಂದೂ ಹೊರಡಬಾರದು. ಸೀಟಿ, ಜಲನಿರೋಧಕ ಚೀಲದಲ್ಲಿ ಫೋನು, ತಂತಿ ಕತ್ತರಿಸುವ ಇಕ್ಕಳ ಜೊತೆಗಿರಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದ ಕಡಲು ಕಯಾಕ್‌ಗೆ ಸಲ್ಲದು. ಬೆಳಗಿನ ಗಾಳಿ ನೆಲದಿಂದ ಕಡಲಿಗೆ ಬೀಸಿ ದೋಣಿಯನ್ನು ಹೊರಕ್ಕೆ ತಳ್ಳುತ್ತದೆ. ಮಧ್ಯಾಹ್ನದ ಗಾಳಿ ಕಡಲಿನಿಂದ ಬೀಸಿ ತೆರೆ ಎಬ್ಬಿಸುತ್ತದೆ. ಆದ್ದರಿಂದ ದಡ ಕಾಣುವಷ್ಟು ದೂರದಲ್ಲೇ ಇದ್ದು, ಮಧ್ಯಾಹ್ನಕ್ಕೆ ಮುಂಚೆ ಹಿಂತಿರುಗಿ. ಹೊಸಬರು ಮೊದಲು ಅಳಿವೆಯ ಶಾಂತ ನೀರಿನಲ್ಲಿ, ಮಗುಚಿದ ದೋಣಿಯನ್ನು ಸರಿಪಡಿಸಿ ಮತ್ತೆ ಹತ್ತುವುದನ್ನು ಕಲಿಯಬೇಕು.

ಮೀನು ದೋಣಿಗೆ ಬಂದಾಗ ಮೂರು ಮೊನೆಯ ಗಾಳ ಕಾಲಿಗೆ ನಾಟದಂತೆ ನೋಡಿಕೊಳ್ಳಿ. ಹಿಡಿದ ಮೀನನ್ನು ಬಿಸಿಲಿಗೆ ಬಿಡದೆ, ಅದರ ತೂಕದಷ್ಟೇ ಮಂಜುಗಡ್ಡೆಯಲ್ಲಿ ಕೂಡಲೇ ಇಡಬೇಕು. ಈ ಜಾತಿಯ ಮೀನು ಬೆಚ್ಚಗೆ ಉಳಿದರೆ ಅದರಲ್ಲಿ ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗದು. ತಿಂದವರಿಗೆ ಮೈ ಕೆಂಪೇರಿ ತುರಿಕೆ, ತಲೆನೋವು, ವಾಂತಿ ಆಗಬಹುದು.

ಅಂಜಲ್ ಸುಮಾರು 70 ಸೆಂ.ಮೀ. ಬೆಳೆದ ಮೇಲೆ ಮೊಟ್ಟೆಯಿಡಲು ಸಿದ್ಧವಾಗುತ್ತದೆ. ಅದಕ್ಕಿಂತ ಚಿಕ್ಕದು ಸಿಕ್ಕಿದರೆ, ಜೀವವಿರುವಾಗಲೇ ಗಾಳ ಬಿಡಿಸಿ ನೀರಿಗೆ ಬಿಡುವುದು ಲೇಸು. ಬಿತ್ತನೆಯ ಕಾಳನ್ನು ಉಣ್ಣಬಾರದೆಂಬುದು ರೈತನಿಗೆ ಬೇರೆಯವರು ಹೇಳಿಕೊಡಬೇಕಾದ ಮಾತಲ್ಲ.