ಪಚ್ಚಬಾಳೆಯೊಳಗಿನ ಪಾಸಿಟ್ರಾನ್

ಕತ್ರಿಗುಪ್ಪೆಯ ತಳ್ಳುಗಾಡಿಯ ಪಚ್ಚಬಾಳೆಗೂ ಪ್ರತಿದ್ರವ್ಯಕ್ಕೂ ನಂಟಿದೆ ಎಂದರೆ ವ್ಯಾಪಾರಿ ನಕ್ಕಾನು. ನಂಟಂತೂ ನಿಜ. ಹಣ್ಣಿನ ಪೊಟ್ಯಾಸಿಯಂನಲ್ಲಿ ಚೂರುಪಾರು ಪೊಟ್ಯಾಸಿಯಂ-40 ಬೆರೆತಿರುತ್ತದೆ, ಅದು ವಿಕಿರಣಶೀಲ. ಅದು ಕ್ಷಯಿಸುವಾಗ ಲಕ್ಷಕ್ಕೊಂದರಂತೆ ಪಾಸಿಟ್ರಾನ್ ಹೊರಬೀಳುತ್ತದೆ. ಹಣ್ಣೊಂದಕ್ಕೆ ಒಂದೆರಡು ಗಂಟೆಗೊಮ್ಮೆ ಎನ್ನಿ.

ಪಾಸಿಟ್ರಾನ್ ಪ್ರತಿದ್ರವ್ಯದ ಕಣ; ಎಲೆಕ್ಟ್ರಾನಿನ ಪಡಿಯಚ್ಚು, ವಿದ್ಯುದಂಶ ಮಾತ್ರ ತಿರುವುಮುರುವು. ಡಿರಾಕ್ ಅವರ 1928ರ ಸಮೀಕರಣದಲ್ಲಿ ಸುಳಿವಿತ್ತು. 1932ರಲ್ಲಿ ಕಾರ್ಲ್ ಆಂಡರ್ಸನ್ ಕಾಸ್ಮಿಕ್ ಕಿರಣಗಳಲ್ಲಿ ಜಾಡು ಹಿಡಿದರು. ಎಲೆಕ್ಟ್ರಾನ್ ಎದುರಾದರೆ ಸಾಮಾನ್ಯವಾಗಿ ಎರಡೂ ಮಾಯ. ದ್ರವ್ಯರಾಶಿಯೆಲ್ಲ ಎರಡು ಗ್ಯಾಮಾ ಕಿರಣಗಳಾಗಿ, ತಲಾ 511 ಕಿಲೋ ಎಲೆಕ್ಟ್ರಾನ್ ವೋಲ್ಟ್ ಹೊತ್ತು ವಿರುದ್ಧ ದಿಕ್ಕಿಗೆ ಓಡುತ್ತದೆ.

ಅಳಿದ ಜೋಡಿ ಮತ್ತೆ ಜೋಡಿಯಾಗಿಯೇ ಹುಟ್ಟಬಹುದು. ಅದನ್ನೂ ಸೇರಿಸಿ ಈ ಎರಡು ಕಣಗಳ ಡಿಕ್ಕಿಯ ಲೆಕ್ಕವನ್ನು 1936ರಲ್ಲಿ ಪ್ರಕಟಿಸಿದವರು ಕೇಂಬ್ರಿಜ್‌ನಲ್ಲಿದ್ದ ಹೋಮಿ ಭಾಭಾ. 1939ರಲ್ಲಿ ರಜೆಗೆ ಭಾರತಕ್ಕೆ ಬಂದವರನ್ನು ಯುದ್ಧ ಇಲ್ಲೇ ಕಟ್ಟಿಹಾಕಿತು. ಬೆಂಗಳೂರಿಗರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸಿ.ವಿ. ರಾಮನ್ ಇದ್ದ ಕಾಲದಲ್ಲಿ, ಅವರು ಕಾಸ್ಮಿಕ್ ಕಿರಣಗಳ ಬೆನ್ನುಹತ್ತಿದರು. ಜಿನೀವಾದ ಸರ್ನ್ ಪ್ರಯೋಗಾಲಯದ ಎಲ್‌ಇಪಿ ಯಂತ್ರದಲ್ಲಿ ಎಲೆಕ್ಟ್ರಾನ್-ಪಾಸಿಟ್ರಾನ್ ಡಿಕ್ಕಿಗಳ ಪ್ರಮಾಣ ಅಳೆಯಲು ಬಳಸಿದ್ದು ಅವರು ಲೆಕ್ಕ ಹಾಕಿದ ಈ 'ಭಾಭಾ ಚದುರುವಿಕೆ'ಯನ್ನೇ.

ದ್ರವ್ಯರಾಶಿಯೆಲ್ಲ ಕಿರಣವಾಗುತ್ತದೆ ಎಂದಮೇಲೆ ಶಕ್ತಿಯ ಆಸೆ ಹುಟ್ಟುವುದು ಸಹಜ. ಒಂದು ಗ್ರಾಂ ಪ್ರತಿದ್ರವ್ಯ ಒಂದು ಗ್ರಾಂ ದ್ರವ್ಯದೊಡನೆ ಕೂಡಿ ಅಳಿದರೆ ಸುಮಾರು 5 ಕೋಟಿ ಯೂನಿಟ್. ತಿಂಗಳಿಗೆ 200 ಯೂನಿಟ್ ಉರಿಸುವ ಎರಡೂವರೆ ಲಕ್ಷ ಮನೆಗಳಿಗೆ ಒಂದು ತಿಂಗಳ ಕರೆಂಟು. ಆದರೆ ಸರ್ನ್ ತಯಾರಿಸಿದ್ದನ್ನೆಲ್ಲ ಒಟ್ಟು ಮಾಡಿದರೂ ಒಂದು ಬಲ್ಬು ಕೆಲವೇ ನಿಮಿಷ ಉರಿದೀತು. ತಯಾರಿಗೆ ಸುರಿಯುವ ವಿದ್ಯುತ್ತಿನ ಮುಂದೆ ಇದು ಶುದ್ಧ ನಷ್ಟದ ವ್ಯಾಪಾರ.

ಪ್ರತಿದ್ರವ್ಯ ನಿಜಕ್ಕೂ ದುಡಿಯುವುದು ಪೆಟ್ ಸ್ಕ್ಯಾನ್ ಕೋಣೆಯಲ್ಲಿ. ಖಾಲಿ ಹೊಟ್ಟೆಯಲ್ಲಿ ಬಂದ ರೋಗಿಯ ರಕ್ತನಾಳಕ್ಕೆ ಫ್ಲೋರಿನ್-18 ಅಂಟಿಸಿದ ಗ್ಲೂಕೋಸ್ ಚುಚ್ಚುತ್ತಾರೆ. ಆಮೇಲೆ ಸುಮಾರು ಒಂದು ಗಂಟೆ ಅಲುಗಾಡದೆ ಮಲಗಬೇಕು, ಮಾತೂ ಬೇಡ; ಸ್ನಾಯು ದುಡಿದರೆ ಸಕ್ಕರೆ ಅತ್ತ ಹರಿಯುತ್ತದೆ. ಸಕ್ಕರೆಗೆ ಹಸಿದ ಕ್ಯಾನ್ಸರ್ ಕೋಶಗಳು ಅದನ್ನು ಹೀರಿ ತುಂಬಿಕೊಳ್ಳುತ್ತವೆ. ಫ್ಲೋರಿನ್-18 ಉಗುಳುವ ಪಾಸಿಟ್ರಾನ್‌ಗಳು ಮಿಲಿಮೀಟರ್ ಆಸುಪಾಸಿನಲ್ಲೇ ಅಳಿಯುತ್ತವೆ. ಸುತ್ತಲಿನ ಬಳೆಯಾಕಾರದ ಶೋಧಕ ಆ ಜೋಡಿ ಕಿರಣಗಳನ್ನು ಒಟ್ಟಿಗೆ ಹಿಡಿದು ಗಡ್ಡೆ ಎಲ್ಲಿದೆಯೆಂದು ಗುರುತಿಸುತ್ತದೆ.

ಫ್ಲೋರಿನ್-18ರ ಅರ್ಧಾಯುಷ್ಯ 110 ನಿಮಿಷ. ಅದನ್ನು ತಯಾರಿಸುವ ಸೈಕ್ಲೋಟ್ರಾನಿನಿಂದ ಹೊರಟ ಸೀಸೆ ರಿಂಗ್ ರಸ್ತೆಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಔಷಧ ದಾರಿಯಲ್ಲೇ ಕರಗುತ್ತಿರುತ್ತದೆ. ಸ್ಕ್ಯಾನ್ ಮುಗಿಸಿದವರಿಗೆ ಸಿಬ್ಬಂದಿ ಹೇಳಿ ಕಳಿಸುವುದಿಷ್ಟು: ನೀರು ಚೆನ್ನಾಗಿ ಕುಡಿಯಿರಿ, ಸಂಜೆಯವರೆಗೆ ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ.